ಒಂದನೇ ಗೂಡಿನ ಕಣ್ಣೀರು

ಇಪ್ಪತ್ತು ವರ್ಷ ನಮ್ಮ ಗದಗಿನಲ್ಲಿ ನಾರ್ಮಲ್ ಅಂದರೆ ನಾನೇ. ನಗಬೇಡಿ, ಜಂಬಕ್ಕೆ ಹೇಳುತ್ತಿಲ್ಲ. ಸಣ್ಣ ರಕ್ತಪರೀಕ್ಷಾ ಲ್ಯಾಬುಗಳಲ್ಲಿ ದುಡಿದವರನ್ನು ಕೇಳಿ ನೋಡಿ. ರಕ್ತ ಎಷ್ಟು ಸೆಕೆಂಡಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ನೋಡುವ ಒಂದು ಪರೀಕ್ಷೆ ಇದೆ. ಅದರಲ್ಲಿ ರೋಗಿಯ ರಕ್ತದ ಪಕ್ಕದಲ್ಲಿ ಆರೋಗ್ಯವಾಗಿರುವವರೊಬ್ಬರ ರಕ್ತವನ್ನೂ ಇಟ್ಟು ಹೋಲಿಸಬೇಕು. ಹೋಲಿಕೆಗೆಂದೇ ಕಂಪನಿಯ ಸೀಸೆ ಬರುತ್ತದೆ. ಬರುತ್ತದೆ ಅಂದೆ, ಬೇಕಾದ ದಿನ ಬರುತ್ತದೆ ಅನ್ನಲಿಲ್ಲ. ಆಗ ಟೆಕ್ನಿಷಿಯನ್ ಏನು ಮಾಡುತ್ತಾಳೆ? ತೋಳಿಗೆ ರಬ್ಬರ್ ಬಿಗಿದು ತನ್ನದೇ ರಕ್ತ ಎರಡು ಮಿಲಿ ಎಳೆದು ಇಟ್ಟುಬಿಡುತ್ತಾಳೆ. ನನ್ನ ರಕ್ತ ಹದಿಮೂರು ಸೆಕೆಂಡು. ಇಪ್ಪತ್ತು ವರ್ಷದಲ್ಲಿ ಅದು ಹನ್ನೆರಡಾಗಲಿಲ್ಲ, ಹದಿನಾಲ್ಕಾಗಲಿಲ್ಲ. "ನೀಲಗಂಗಾ ತನ್ನ ರಕ್ತಾನ ಇಟ್ಟಾಳೇನು? ಹಂಗಾದ್ರ ಚಿಂತಿಲ್ಲ ಬಿಡ್ರಿ" ಎಂದು ಡಾಕ್ಟರರೇ ಹೇಳುತ್ತಿದ್ದರು.

ಆ ಮಾತು ನನ್ನ ತಲೆಗೆ ಏರಿತ್ತು. ಈಗ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ನಾಚಿಕೆಯೆಲ್ಲ ಖರ್ಚಾಗಿ ಹೋಗಿದೆ.

ಕಣ್ಣೀರಿನ ಪರೀಕ್ಷೆ ಬಂದಾಗ ನನಗೆ ನಲವತ್ತಾರು ವರ್ಷ. ಅಲ್ಜೈಮರ್ ರೋಗ ಮನುಷ್ಯನ ನೆನಪನ್ನು ತಿನ್ನತೊಡಗುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಮಿದುಳಿನೊಳಗೆ ಟೌ ಎಂಬ ಪ್ರೋಟೀನು ಕೆಡಲು ಶುರುವಾಗುತ್ತದೆ. ಕೆಟ್ಟದ್ದು ಅಲ್ಲೇ ಸುಮ್ಮನೆ ಕೂರುವುದಿಲ್ಲ. ಬೆನ್ನುಹುರಿಯ ನೀರಿಗೆ, ರಕ್ತಕ್ಕೆ, ಕೊನೆಗೆ ಕಣ್ಣೀರಿಗೂ ಚೂರು ಚೂರಾಗಿ ಒಸರುತ್ತದೆ. ಅದನ್ನು ಹಿಡಿಯುವ ಯಂತ್ರ ಬಂತು, ರೋಗವನ್ನು ನಿಂತಲ್ಲೇ ನಿಲ್ಲಿಸುವ ಸೂಜಿಮದ್ದೂ ಬಂತು. ಐವತ್ತೈದು ತುಂಬಿದವರೆಲ್ಲ ಪರೀಕ್ಷೆ ಮಾಡಿಸಬೇಕೆಂದು ಕಾನೂನಾಯಿತು. ಪ್ರತಿ ಜಿಲ್ಲೆಗೊಂದು ಸ್ಮೃತಿ ತಪಾಸಣಾ ಕೇಂದ್ರ ತೆರೆದರು. ಅನುಭವ ಇದ್ದವಳೆಂದು ನಮ್ಮ ಕೇಂದ್ರಕ್ಕೆ ನನ್ನನ್ನು ಹಿರಿಯ ಟೆಕ್ನಿಷಿಯನ್ ಮಾಡಿದರು. ಜೊತೆಗೆ ಇಮ್ತಿಯಾಜ್ ನದಾಫ್. ನಲವತ್ತರ ಗೃಹಸ್ಥ, ಮಾತು ಕಡಿಮೆ, ಕೈ ಶುದ್ಧ.

ಪರೀಕ್ಷೆ ಸುಲಭ. ಕೆಳರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸುವುದು. ಯಂತ್ರದಲ್ಲಿ ಇಪ್ಪತ್ತನಾಲ್ಕು ಗೂಡು. ಒಂದನೇ ಗೂಡಿನಲ್ಲಿ ಆರೋಗ್ಯವಂತರ ಕಣ್ಣೀರು, ಉಳಿದವುಗಳಲ್ಲಿ ಜನರದ್ದು. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಒಂದನೇ ಗೂಡಿನಲ್ಲಿರುವುದನ್ನು 'ಒಂದು' ಎಂದು ನಂಬಿ, ಉಳಿದವರು ಅದಕ್ಕಿಂತ ಎಷ್ಟು ಪಟ್ಟು ಎಂದು ಲೆಕ್ಕ ಹಾಕುತ್ತದೆ. ಒಂದೂವರೆಯೊಳಗೆ ಇದ್ದರೆ ಹಸಿರು ಚೀಟಿ, ಏನೂ ಇಲ್ಲ. ಒಂದೂವರೆಯಿಂದ ಎರಡೂವರೆಯವರೆಗೆ ಹಳದಿ, ರೋಗ ಇದೆ, ಮದ್ದು ನಡೆಯುತ್ತದೆ. ಎರಡೂವರೆ ದಾಟಿತೋ ಕೆಂಪು. ಕೆಂಪಿಗೆ ಮದ್ದು ಕೊಟ್ಟರೆ ಮಿದುಳು ಬಾತುಕೊಂಡು ಸಾಯುತ್ತಾರೆ. ಹಾಗಾಗಿ ಕೆಂಪು ಚೀಟಿ ಕೈಗೆ ಕೊಟ್ಟು ಮನೆಗೆ ಕಳಿಸುವುದಷ್ಟೇ.

ಶುರುವಿನಲ್ಲಿ ಜನರ ಗದ್ದಲ ಏನು ಕೇಳುತ್ತೀರಿ! ಕಣ್ಣೀರು ಕೊಡಬೇಕೆಂದರೆ ಅಳಬೇಕು ಎಂದುಕೊಂಡು ಬರುತ್ತಿದ್ದರು. ಹೆಣ್ಣುಮಕ್ಕಳು ಬೆಂಚಿನ ಮೇಲೆ ಕೂತು ಸತ್ತ ತಾಯಿಯನ್ನೋ ಸೊಸೆಯ ಕಾಟವನ್ನೋ ನೆನೆದು ಗೋಳೋ ಎನ್ನುವರು. ಒಬ್ಬ ಯಜಮಾನರು ಜೇಬಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಇಟ್ಟುಕೊಂಡೇ ಬಂದಿದ್ದರು. "ಅಳಬ್ಯಾಡ್ರೆಪಾ, ಅತ್ರ ಕಣ್ಣೀರ ಬರೇ ನೀರಾಗಿ ಹೋಕ್ಕೈತಿ, ಸುಮ್ಕ ಕುಂದರ್ರಿ" ಎಂದು ಗದರಿಸಿ ಗದರಿಸಿ ನನ್ನ ಗಂಟಲು ಹರಿದುಹೋಗುತ್ತಿತ್ತು. ಕ್ರಮೇಣ ರೂಢಿಯಾಯಿತು. ಹಸಿರು ಚೀಟಿ ಸಿಕ್ಕವರು ಪೇಡೆ ಹಂಚಿದರು, ಚೀಟಿಗೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ತೂಗುಹಾಕಿದರು. ಆಸ್ತಿ ಬರೆಯಲು ಹೋದರೆ ನೋಂದಣಿ ಕಚೇರಿಯಲ್ಲಿ ಚೀಟಿ ಕೇಳಿದರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಹುಡುಗಿಯ ತಂದೆತಾಯಿಯ ಚೀಟಿ ಕೇಳಿದರು. ಕೆಂಪು ಬಂದವರ ಮನೆಯಲ್ಲಿ ಆ ದಿನದಿಂದಲೇ ಅವರ ಮಾತಿಗೆ ಬೆಲೆ ಹೋಯಿತು. "ಇದು ಖರೇನೋ, ರೋಗ ಮಾತಾಡಾಕತ್ತೈತೋ" ಎನ್ನುವವರೇ ಎಲ್ಲ. ಊರಿಗೆ ಊರೇ ನಮ್ಮ ಚೀಟಿಯ ಬಣ್ಣ ನೋಡಿ ಮನುಷ್ಯರನ್ನು ಅಳೆಯತೊಡಗಿತು.

ಆ ಬಣ್ಣ ನಿರ್ಧರಿಸುವುದು ಒಂದನೇ ಗೂಡು. ಅದಕ್ಕೆ ಹಾಕುವ ಸೀಸೆ ಬೆಂಗಳೂರಿನಿಂದ ಐಸಿನಲ್ಲಿ ಬರಬೇಕು. ಬಂದರೂ ದಾರಿಯಲ್ಲಿ ಐಸು ಕರಗಿ ಕೆಟ್ಟಿರುತ್ತಿತ್ತು. ಪತ್ರ ಬರೆದೆ, ಫೋನು ಮಾಡಿದೆ, ಕೂಗಾಡಿದೆ. ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ. ನಾನು ಈ ಕೇಂದ್ರಕ್ಕೆ ಸೇರಿದಾಗ ಸಿಬ್ಬಂದಿಗೆಲ್ಲ ಪರೀಕ್ಷೆ ಮಾಡಿದ್ದರು, ನನ್ನ ಅಂಕಿ ಸರಿಯಾಗಿ 1.0. ಮತ್ತೇಕೆ ತಡ? ಬೆಳಗ್ಗೆ ಬಂದವಳೇ ಕನ್ನಡಿ ಮುಂದೆ ನಿಂತು ನನ್ನ ಕಣ್ಣಿಗೇ ಪಟ್ಟಿ ಸಿಕ್ಕಿಸಿಕೊಂಡೆ. ರಕ್ತದಲ್ಲಿ ಇಪ್ಪತ್ತು ವರ್ಷ ಮಾಡಿದ್ದನ್ನು ಕಣ್ಣೀರಿನಲ್ಲೂ ಮಾಡಿದೆ. ಕೈಪಿಡಿಯ ನಲವತ್ತೊಂದನೇ ಪುಟದಲ್ಲಿ ಹಾಗೆ ಮಾಡಕೂಡದು ಎಂದು ಬರೆದಿತ್ತು. ಓದಿರಲಿಲ್ಲ ಎಂದು ಸುಳ್ಳು ಹೇಳಲಾರೆ, ಓದಿದ್ದೆ. ಎಸಿ ರೂಮಿನಲ್ಲಿ ಕೂತು ಬರೆದವರಿಗೆ ನಮ್ಮ ಪಾಡೇನು ಗೊತ್ತು ಎಂದು ಪುಟ ಮಗುಚಿದೆ.

ನನ್ನ ಗಂಡ ಗುರುಶಾಂತ ದರ್ಜಿ. ಬೆಟಗೇರಿ ರಸ್ತೆಯಲ್ಲಿ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವ ಸಣ್ಣ ಅಂಗಡಿ. ಅವನು ಅಳತೆಯನ್ನು ಬರೆದುಕೊಳ್ಳುತ್ತಿರಲಿಲ್ಲ. ಒಮ್ಮೆ ಟೇಪು ಹಿಡಿದರೆ ಮುಗಿಯಿತು, ಮೂರು ವರ್ಷ ಬಿಟ್ಟು ಅದೇ ಹೆಣ್ಣುಮಗಳು ಬಂದರೂ "ಯವ್ವಾ, ನಿಂದು ಮೂವತ್ನಾಲ್ಕೂವರಿ ಇತ್ತು, ಈಗ ಎರಡ್ ಇಂಚ ಬಿಡ್ಲೇನು?" ಎಂದು ಕೇಳುವನು. ಮದುವೆಯಾದ ಹೊಸದರಲ್ಲಿ ಕುಡಿಯುತ್ತಿದ್ದ. ಮಗಳು ಹುಟ್ಟಿದ ದಿನ ನನ್ನ ಕೈಮುಟ್ಟಿ ಬಿಟ್ಟವನು ಇಪ್ಪತ್ತೆರಡು ವರ್ಷ ಹನಿ ಮುಟ್ಟಿರಲಿಲ್ಲ. ಮಗಳನ್ನು ಇಳಕಲ್ಲಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ನಾವಿಬ್ಬರೇ.

ಐವತ್ತೈದು ತುಂಬಿದಾಗ ಎಲ್ಲರಂತೆ ಅವನೂ ಬಂದು ಕಣ್ಣೀರು ಕೊಟ್ಟ. 1.2 ಬಂತು. ಹಸಿರು. ನಾನೇ ಪೇಡೆ ತಂದೆ.

ಅದಾಗಿ ಒಂದು ವರ್ಷದ ಮೇಲೆ, ಶ್ರಾವಣದಲ್ಲಿ, ನಮ್ಮ ಓಣಿಯ ಮಠಪತಿಯವರ ಸೊಸೆ ರೇಷ್ಮೆ ಕುಪ್ಪಸ ಹಿಡಿದು ಮನೆಗೇ ಬಂದಳು. "ಅಕ್ಕಾರ, ಇದನ್ನೀಟ ನೋಡ್ರಿ. ಕಾಕಾರು ಎರಡೂ ಎಡಗೈ ತೋಳ ಹಚ್ಯಾರ. ನನಗ ಬಲಗೈ ಇಲ್ಲೇನ್ರಿ?" ಎಂದು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಗುರುಶಾಂತ ನಗಲಿಲ್ಲ. ಆಕೆ ಹೋದ ಮೇಲೆ ಕುಪ್ಪಸವನ್ನು ತೊಡೆಯ ಮೇಲೆ ಹರವಿಕೊಂಡು ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ.

"ನೀಲಾ, ಕತ್ರಿ ಹಿಡದಾಗ ಎಡಾ ಯಾವುದು ಬಲಾ ಯಾವುದು ಒಂದ್ ಗಳಿಗಿ ತಿಳೀಲೇ ಇಲ್ಲ. ತಲಿಯೊಳಗ ಏನೋ ಆಗಾಕತ್ತೈತಿ."

"ಏನೂ ಆಗಿಲ್ಲ. ನಿಂದು ಹಸಿರು ಐತಿ."

"ಇನ್ನೊಮ್ಮೆ ನೋಡ್ತೀಯೇನು?"

ಮರುದಿನ ಬೆಳಗ್ಗೆ ಕೇಂದ್ರ ತೆರೆಯುವ ಮೊದಲೇ ಕರೆದೊಯ್ದೆ. ಒಂದನೇ ಗೂಡಿನಲ್ಲಿ ನನ್ನದು, ಎರಡನೆಯದರಲ್ಲಿ ಅವನದು. ಗಂಡಹೆಂಡಿರ ಕಣ್ಣೀರು ಅಕ್ಕಪಕ್ಕ ಕೂತವು. 1.3. ಮತ್ತೆ ಹಸಿರು. "ನೋಡಿದ್ಯಾ? ಸುಮ್ ಸುಮ್ಕ ಅಂಜಸ್ತೀ ಮಂದೀನ" ಎಂದು ಅವನ ಭುಜಕ್ಕೆ ಗುದ್ದಿದೆ. ಅವನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನಿಗೆ ಸಮಾಧಾನ ಆಗಿರಲಿಲ್ಲ ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನೋಡಿದೆ, ಬಿಟ್ಟೆ.

ಆಮೇಲಿನ ಹತ್ತು ತಿಂಗಳನ್ನು ಹೇಗೆ ಹೇಳಲಿ? ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಇಟ್ಟು ಹೊರಗೆ ಹೋದ. ಒಂದು ಮದುವೆಮನೆಯ ಏಳು ಕುಪ್ಪಸಗಳ ಅಳತೆ ಕಲಸಿಹೋಯಿತು, ಅವರು ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಅಂದರು. ಹೊಲಿದ ಬಟ್ಟೆ ಕೊಟ್ಟುಬರಲು ಹೋದವನು ಕೊಡದೆ, ಸಂಜೆಯವರೆಗೆ ಎಲ್ಲೆಲ್ಲೋ ಅಲೆದು, ಗಂಟಿನ ಸಮೇತ ವಾಪಸು ಬಂದ. ನನಗೆ ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟು ಗೊತ್ತಿರುವವರಿಗೆ ಗೊತ್ತು. ರೋಗವಿದ್ದಿದ್ದರೆ ಅಯ್ಯೋ ಅನ್ನುತ್ತಿದ್ದೆ. ರೋಗವಿಲ್ಲ ಎಂದು ಎರಡು ಸಲ ನಾನೇ ಬರೆದುಕೊಟ್ಟಿದ್ದೇನೆ. ರೋಗವಿಲ್ಲದವನು ಹೀಗೆ ಮಾಡಿದರೆ ಏನೆಂದುಕೊಳ್ಳಬೇಕು?

"ಮತ್ತ ಕುಡಿಯಾಕ ಹತ್ತೀಯೇನು?" ಎಂದು ಒಂದು ದಿನ ಕೇಳೇಬಿಟ್ಟೆ. ಅದೂ ಬಾಗಿಲಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವಂತೆ.

ಅವನ ಮುಖ ಸುಣ್ಣವಾಯಿತು. "ಕುಡದಿಲ್ಲ ನೀಲಾ."

"ಮತ್ತ ಇದೆಲ್ಲಾ ಏನು? ನಾಟಕ? ಮೈಗಳ್ಳತನ? ಮಂದಿ ನನ್ನ ಮುಖಕ್ಕ ಉಗುಳಾಕತ್ತಾರ."

"ಕುಡದಿಲ್ಲ" ಎಂದಷ್ಟೇ ಮತ್ತೆ ಹೇಳಿದ. ನಾನು ನಂಬಲಿಲ್ಲ. ಆಮೇಲೆ ಅದು ನನ್ನ ಬಾಯಿಗೆ ರೂಢಿಯಾಗಿಹೋಯಿತು. ಲೋಟ ಬಿದ್ದರೆ ಕುಡಿದಿದ್ದಾನೆ, ಹೆಸರು ಮರೆತರೆ ಕುಡಿದಿದ್ದಾನೆ. ನಾನು ಮನೆಗೆ ಬರುವ ಹೊತ್ತಿಗೆ ಅವನು ಎದ್ದುನಿಂತು ಕೈಕಟ್ಟಿಕೊಳ್ಳಲು ಶುರುಮಾಡಿದ. ಇದೂ ನಾಟಕ ಎಂದುಕೊಂಡೆ.

ಇಷ್ಟರಲ್ಲಿ ನನ್ನ ಕಣ್ಣಿಗೆ ಪೊರೆ ಬಂತು. ಎರಡೂ ಕಣ್ಣಿಗೆ ಒಂದರ ಹಿಂದೊಂದು ಆಪರೇಷನ್ ಆಯಿತು. ತಿಂಗಳೊಪ್ಪತ್ತು ಕಣ್ಣಿಗೆ ಏನನ್ನೂ ತಾಗಿಸಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ರಜೆ ಹಾಕಿದೆ. ಅದೇ ವಾರ, ಎಂದೂ ಇಲ್ಲದ್ದು, ಬೆಂಗಳೂರಿನಿಂದ ಸೀಸೆಗಳ ಪೆಟ್ಟಿಗೆ ಕಲ್ಲಿನಂಥ ಐಸಿನೊಳಗೆ ಬಂದು ಇಳಿಯಿತಂತೆ. ಇಮ್ತಿಯಾಜ್ ಅದನ್ನೇ ಒಂದನೇ ಗೂಡಿಗೆ ಹಾಕಿ ಕೆಲಸ ನಡೆಸಿದ.

ರಜೆ ಮುಗಿಸಿ ಬಂದ ದಿನ ಮೊದಲು ರಿಜಿಸ್ಟರ್ ತೆಗೆದು ನೋಡಿದೆ. ಆರುನೂರು ಚಿಲ್ಲರೆ ಜನರಲ್ಲಿ ಎಪ್ಪತ್ತೊಂದು ಹಳದಿ, ಹತ್ತೊಂಬತ್ತು ಕೆಂಪು. ನನ್ನ ಕೈಯಲ್ಲಿ ತಿಂಗಳಿಗೆ ಹತ್ತು ಹಳದಿ ಬಂದರೆ ಹೆಚ್ಚು, ಕೆಂಪು ಒಂದೋ ಎರಡೋ.

"ಏನ್ ಮಾಡಿ ಇಟ್ಟೀಯೋ ಇಮ್ತಿಯಾಜ್! ಇಷ್ಟ ಮಂದಿಗೆ ಸುಳ್ಳ ರೋಗ ಹಚ್ಚೀಯಲ್ಲ! ಮಷೀನ್ ಕೆಡಿಸೀದಿ ನೀ."

"ಇಲ್ರಿ ಅಕ್ಕಾರ. ಪುಸ್ತಕದಾಗ ಹೆಂಗೈತಿ ಹಂಗ ಮಾಡೀನ್ರಿ. ಸೀಸೆ ಛಲೋ ಇದ್ವು."

"ಸೀಸೆನ ಕೆಟ್ಟಿರಬೇಕು. ತಡಿ, ತೋರಸ್ತೀನಿ."

ತೋರಿಸಲು ಹೊರಟೆ. ಅವತ್ತಿನ ನನ್ನ ಗತ್ತು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಂದನೇ ಗೂಡಿಗೆ ಸೀಸೆ, ಎರಡಕ್ಕೆ ಇಮ್ತಿಯಾಜನ ಕಣ್ಣೀರು, ಮೂರಕ್ಕೆ ನನ್ನದು, ನಾಲ್ಕಕ್ಕೆ ಬೇರೆ ಪೆಟ್ಟಿಗೆಯ ಇನ್ನೊಂದು ಸೀಸೆ. ಸೀಸೆ ಕೆಟ್ಟಿದ್ದರೆ ನಾನೂ ಇಮ್ತಿಯಾಜನೂ ಒಂದೇ ಅಂಕಿ ತೋರಿಸಬೇಕು, ಸೀಸೆ ಬೇರೆಯಾಗಬೇಕು. ನಲವತ್ತು ನಿಮಿಷ ಯಂತ್ರ ಗುಂಯ್‌ಗುಟ್ಟಿತು. ಪರದೆಯ ಮೇಲೆ ಅಂಕಿಗಳು ಬಂದವು. 1.0. 1.0. 1.9. 1.0.

ಮೂರನೆಯದು ನಾನು.

ಮತ್ತೊಮ್ಮೆ ಹಾಕಿದೆ. ಅದೇ ಬಂತು.

"ಆಪರೇಷನ್ ಆದ ಕಣ್ಣಲ್ರಿ ಅಕ್ಕಾರ, ಅದಕ್ಕ ಹಂಗ ಬಂದಿರಬೇಕು" ಎಂದ ಇಮ್ತಿಯಾಜ್ ಮೆಲ್ಲಗೆ. ಒಳ್ಳೆಯವನು. ನನಗೂ ಅದನ್ನು ನಂಬುವ ಆಸೆಯಾಯಿತು. ಆದರೆ ನಮ್ಮ ಫ್ರೀಜರಿನಲ್ಲಿ ಮೂರು ವರ್ಷದ ಪಟ್ಟಿಗಳನ್ನು ಇಟ್ಟಿರುತ್ತೇವೆ. ನಾನು ದಿನಾ ಬೆಳಗ್ಗೆ ಕೊಟ್ಟ ಪಟ್ಟಿಗಳೂ ಅಲ್ಲೇ, ತಾರೀಕಿನ ಸಮೇತ. ಆರು ತಿಂಗಳಿಗೊಂದರಂತೆ ತೆಗೆದು ಸೀಸೆಯ ಎದುರು ಇಟ್ಟೆ. 1.2, 1.3, 1.4, 1.6, 1.7, ಇವತ್ತು 1.9. ನಾನು ಬೆಳಗ್ಗೆ ಬೆಳಗ್ಗೆ ಕನ್ನಡಿ ಮುಂದೆ ನಿಂತು ಊರಿಗೆಲ್ಲ ಅಳತೆಗೋಲು ಕೊಡುತ್ತಿದ್ದಾಗ ಅಳತೆಗೋಲೇ ಉದ್ದವಾಗುತ್ತಿತ್ತು. ನನ್ನೊಳಗೆ ರೋಗ ಬೆಳೆದಷ್ಟೂ ಊರಿನ ರೋಗ ಕಡಿಮೆ ಕಂಡಿತು.

ನನಗೆ ರೋಗ ಎಂಬುದು ಆ ಗಳಿಗೆಯಲ್ಲಿ ತಲೆಗೇ ಹೋಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕೈ ತಾನಾಗಿ ಫ್ರೀಜರಿನ ಇನ್ನೊಂದು ಅರೆಗೆ ಹೋಯಿತು. ಗುರುಶಾಂತ ಹೂಗಾರ, ಎರಡು ಪಟ್ಟಿ. ಸೀಸೆಯ ಎದುರು ಇಟ್ಟು ಕಾದೆ. ಮೊದಲನೆಯದು 1.7. ಎರಡನೆಯದು 2.2. ಎರಡೂ ಹಳದಿ. ಎರಡು ಸಲವೂ ಮದ್ದು ನಡೆಯುತ್ತಿತ್ತು. ಎರಡು ಸಲವೂ ಅವನು ನನ್ನ ಮುಂದೆ ಕಣ್ಣು ತೆರೆದು ಕೂತಿದ್ದ, ಎರಡು ಸಲವೂ ನಾನೇ ಅವನನ್ನು ಹಸಿರು ಕೊಟ್ಟು ಎಬ್ಬಿಸಿ ಕಳಿಸಿದ್ದೆ.

ನೆಲದ ಮೇಲೆ ಕೂತುಬಿಟ್ಟೆ. ಇಮ್ತಿಯಾಜ್ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಕ್ಕಾರ, ನಾ ಒಂದ್ ಮಾತ ಹೇಳ್ತೀನಿ, ಸಿಟ್ಟ ಮಾಡಬ್ಯಾಡ್ರಿ. ಯಾರಿಗೂ ತಿಳಿಯಂಗಿಲ್ಲ. ನಾಳಿಂದ ಸೀಸೆ ಇಡೋಣು. ಕಾಕಾರನ್ನ ಹೊರಗ ಎಲ್ಲೆರ ತೋರಸ್ರಿ, ನೀವೂ ಸೂಜಿ ಹಾಕಿಸ್ಕೋರಿ."

"ಉಳದವ್ರು?"

ಅವನು ಎದ್ದು ಫ್ರೀಜರಿನ ಬಾಗಿಲು ಹಾಕಿದ. ಉಳಿದವರು ಹದಿನೆಂಟು ಸಾವಿರ ಜನ.

ಒಂಬತ್ತು ದಿನ ಸುಮ್ಮನಿದ್ದೆ. ಹೊಸಬರಿಗೆ ಸೀಸೆ ಇಟ್ಟು ಸರಿಯಾದ ಚೀಟಿ ಕೊಟ್ಟೆ, ಹಳಬರ ಬಗ್ಗೆ ತುಟಿ ಬಿಚ್ಚಲಿಲ್ಲ. ನೌಕರಿ ಹೋಗುತ್ತದೆ ಎಂಬ ಭಯ ಇತ್ತು, ಜನ ಹರಿದು ತಿನ್ನುತ್ತಾರೆ ಎಂಬ ಭಯವೂ ಇತ್ತು. ಎಲ್ಲಕ್ಕಿಂತ ದೊಡ್ಡ ಭಯ ಮನೆಯಲ್ಲಿ ಕೂತಿತ್ತು. ಗುರುಶಾಂತನ ಎರಡನೆಯ ಪಟ್ಟಿಯಾಗಿ ಹತ್ತು ತಿಂಗಳಾಗಿದೆ. ಈಗ ಎಷ್ಟಿರಬಹುದು? ನೋಡದಿದ್ದರೆ 2.4 ಇದ್ದರೂ ಇರಬಹುದು. ನೋಡಿದರೆ ಮುಗಿಯಿತು. ಮದ್ದಿಗೆ ಒಂದೊಂದು ದಿನವೂ ಲೆಕ್ಕ ಎಂದು ಊರಿಗೆ ಬುದ್ಧಿ ಹೇಳುವ ನಾನು ಒಂಬತ್ತು ದಿನ ಹಾಗೆ ಕಳೆದೆ. ಮನೆಯಲ್ಲಿ ಬೈಯುವುದನ್ನು ನಿಲ್ಲಿಸಿದೆ. ಅವನು ಅದಕ್ಕೂ ಹೆದರಿದ. ನಾನು ಸುಮ್ಮನಿದ್ದಷ್ಟೂ ಎದ್ದೆದ್ದು ನಿಲ್ಲುತ್ತಿದ್ದ.

ಹತ್ತನೆಯ ದಿನ ಹನ್ನೊಂದು ಗಂಟೆಗೆ ಇಮ್ತಿಯಾಜ್ ಹದಿನೇಳನೇ ನಂಬರ್ ಕೂಗಿದ. ಪರದೆ ಸರಿಸಿ ಒಳಗೆ ಬಂದವನು ಗುರುಶಾಂತ. ಕೈಯಲ್ಲಿ ಟೋಕನ್.

"ಮನ್ಯಾಗ ಕೇಳಿದ್ರ ನಿನಗ ಸಿಟ್ಟ ಬರ್ತೈತಿ. ಅದಕ್ಕ ಎಲ್ಲಾರಂಗ ಪಾಳಿ ಹಚ್ಚಿ ಬಂದೀನಿ" ಎಂದ. "ಇದೊಂದ ಸಲ ನೋಡು ನೀಲಾ. ಇದಕೂ ಹಸಿರು ಬಂದ್ರ ನಾನ ಖೊಟ್ಟಿ ಅಂತ ಒಪ್ಕೋತೀನಿ. ಮತ್ತ ಕೇಳಂಗಿಲ್ಲ."

ಪಟ್ಟಿ ಸಿಕ್ಕಿಸಿದೆ. ಪಟ್ಟಿಯ ತುದಿ ಅವನ ಕಣ್ಣಿಗೆ ಚುಚ್ಚಿತು, ಅವನು ಅಲುಗಲಿಲ್ಲ. ಒಂದನೇ ಗೂಡಿನಲ್ಲಿ ಸೀಸೆ ಇತ್ತು. ನಲವತ್ತು ನಿಮಿಷ ಅವನು ಹೊರಗೆ ಬೆಂಚಿನ ಮೇಲೆ ಜನರ ನಡುವೆ ಕೂತಿದ್ದ. 2.8 ಬಂತು. ಚೀಟಿ ಕೆಂಪಾಗಿ ಹೊರಬಂತು. ಪರದೆಯ ಇನ್ನೊಂದು ಮೂಲೆಯಲ್ಲಿ, ಬೆಳಗ್ಗೆ ಮತ್ತೊಮ್ಮೆ ಹಾಕಿ ನೋಡಿಕೊಂಡಿದ್ದ ನನ್ನ ಅಂಕಿ ಇತ್ತು, 1.9. ಮನಸ್ಸಿನಲ್ಲೇ ಭಾಗಿಸಿ ನೋಡಿದೆ, ಒಂದೂವರೆಗೂ ಕಡಿಮೆ. ನನ್ನ ಕಣ್ಣೀರನ್ನೇ ಇಟ್ಟಿದ್ದರೆ ಅವತ್ತಿಗೂ ಅವನು ಹಸಿರೇ.

ಚೀಟಿಯನ್ನು ನಾನೇ ಹಿಡಿದು ಹೊರಗೆ ಹೋದೆ. ಅವನು ತೆಗೆದುಕೊಂಡು ಬಣ್ಣ ನೋಡಿದ. ಅವನ ಮುಖದ ಮೇಲೆ ಬಂದದ್ದು ಸಮಾಧಾನ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ನೆಟ್ಟಗೆ ನೋಡಿದ.

"ನಾ ಹೇಳಿದ್ದಿಲ್ಲೇನು? ನಾ ಕುಡದಿದ್ದಿಲ್ಲ ನೀಲಾ. ನೋಡು, ಖರೇನ ರೋಗ ಐತಿ."

ಅಯ್ಯೋ ದೇವರೇ, ಗೆದ್ದವನ ಹಾಗೆ ಹೇಳಿದ. ಅಕ್ಕಪಕ್ಕ ಕೂತವರಿಗೂ ಚೀಟಿ ತೋರಿಸಿದ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದ, "ಮತ್ತ ಎರಡ್ ಸಲ ಹಸಿರು ಹೆಂಗ ಬಂತು?"

ಬೆಂಚುಗಳ ಮೇಲೆ ಮೂವತ್ತು ನಲವತ್ತು ಜನ ಇದ್ದರು. ಇನ್ನೊಂದು ದಿನ ಸುಮ್ಮನಿರುವ ಶಕ್ತಿ ನನ್ನಲ್ಲಿರಲಿಲ್ಲ.

"ನನ್ನ ತಪ್ಪು" ಎಂದೆ. "ಸೀಸೆ ಇಡೋ ಜಾಗಾದಾಗ ಮೂರ ವರ್ಷ ನನ್ನ ಕಣ್ಣೀರ ಇಟ್ಟೀನಿ. ನನಗೂ ಅದ ರೋಗ ಐತಿ, ನನಗ ಗೊತ್ತಿರಲಿಲ್ಲ. ಅದಕ್ಕ ನಿನಗ ಹಸಿರು ಬಂತು. ಇಲ್ಲಿ ಕುಂತೋರೊಳಗ ಯಾರ್ಯಾರಿಗೆ ನಾ ಹಸಿರು ಕೊಟ್ಟೀನಿ, ಎಲ್ಲಾರೂ ಮತ್ತೊಮ್ಮೆ ನೋಡಿಸ್ಕೋರಿ. ಕೈಮುಗಿತೀನಿ, ಇವತ್ತ ನೋಡಿಸ್ಕೋರಿ."

ಮೂಲೆಯಲ್ಲಿದ್ದ ಒಬ್ಬ ಗಂಡಸು ಎದ್ದ. "ನಮ್ಮವ್ವಂದು ನೀನ ನೋಡಿದ್ಯಲ್ಲೇ! ಆಕಿ ಈಗ ನನ್ನ ಗುರತ ಹಿಡಿಯಂಗಿಲ್ಲಲೇ!" ಎಂದು ಮೇಲೆ ಬಂದ. ಇಮ್ತಿಯಾಜ್ ಅಡ್ಡ ನಿಂತ. ಗುರುಶಾಂತನೂ ಅಡ್ಡ ನಿಂತ. "ಹೊಡೀಬ್ಯಾಡ್ರಿ, ನನ್ನ ಹೇಂತಿ ಅದಾಳ್ರಿ" ಎಂದು ಕೆಂಪು ಚೀಟಿ ಹಿಡಿದ ಕೈಯನ್ನೇ ಅಡ್ಡ ಚಾಚಿದ.

ಅವತ್ತೇ ಎಲ್ಲವನ್ನೂ ಮೇಲಧಿಕಾರಿಗಳಿಗೆ ಬರೆದುಕೊಟ್ಟೆ. ನನ್ನನ್ನು ಅಮಾನತು ಮಾಡಿದರು, ಮಾಡಬೇಕಾದ್ದೇ. ಎಲ್ಲರನ್ನೂ ಮತ್ತೆ ಕರೆಸಿದರು. ಇಮ್ತಿಯಾಜ್ ಎರಡು ತಿಂಗಳು ಮನೆಗೆ ಸರಿಯಾಗಿ ಹೋಗಲಿಲ್ಲ. ನನ್ನ ಹಸಿರು ಚೀಟಿಯವರಲ್ಲಿ ಸಾವಿರದ ನಾನೂರು ಜನ ಹಳದಿ, ಅವರಿಗಿನ್ನೂ ಮದ್ದು ನಡೆಯುತ್ತಿತ್ತು. ಇನ್ನೂರ ಆರು ಜನ ಕೆಂಪು ದಾಟಿದ್ದರು. ಮನೆ ಮುಂದೆ ಬಂದು ಮಣ್ಣು ತೂರಿದರು. ಬೈದರು, ಶಾಪ ಹಾಕಿದರು. ಕಿಟಕಿ ಮುಚ್ಚದೆ ಕೂತು ಕೇಳಿಸಿಕೊಂಡೆ.

ಸೂಜಿ ಹಾಕಿಸಿಕೊಳ್ಳುವುದಿಲ್ಲ ಎಂದೆ. ಗಂಡನಿಗಿಲ್ಲದ ಮದ್ದು ನನಗೆ ಯಾಕೆ? ಇಬ್ಬರೂ ಕೂಡಿಯೇ ಮರೆಯೋಣ. ನನ್ನ ಮಟ್ಟಿಗೆ ಅದು ನ್ಯಾಯವೇ ಆಗಿತ್ತು. ಅದನ್ನು ಕೇಳಿ ಗುರುಶಾಂತನಿಗೆ ಬಂದಂಥ ಸಿಟ್ಟನ್ನು ಮೂವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಹುಚ್ಚ ಹಿಡದೈತೇನು ನಿನಗ? ಇಬ್ಬರೂ ಮರತು ಕುಂತ್ರ ಒಲಿ ಹಚ್ಚೋರ ಯಾರು? ನಾ ಯಾರಂತ ನನಗ ಹೇಳೋರ ಯಾರು?" ಎಂದ. ಆಮೇಲೆ ಹತ್ತಿರ ಬಂದು ಕೂತ. "ನಾ ನಿನಗ ಮಾಫ ಮಾಡೀನಿ. ತಿಳೀತಿಲ್ಲೋ? ಖರೇನ ಮಾಡೀನಿ. ಹೋಗಿ ಸೂಜಿ ಹಾಕಿಸ್ಕೊಂಡ ಬಾ."

ಹೋದೆ. ತಿಂಗಳಿಗೊಂದು ಸೂಜಿ. ವರ್ಷವಾಯಿತು, ನನ್ನ ಅಂಕಿ 1.9ರಲ್ಲೇ ನಿಂತಿದೆ. ನನ್ನ ನೆನಪು ಗಟ್ಟಿಯಾಗಿದೆ. ಏನೊಂದೂ ಮರೆತಿಲ್ಲ.

ಈ ರೋಗಕ್ಕೊಂದು ಕ್ರಮವಿದೆ. ತೀರಾ ಈಚಿನದು ಮೊದಲು ಹೋಗುತ್ತದೆ, ಹಿಂದಿನದು ತಡವಾಗಿ. ಅಂಜಿಕೆ ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ. ಅದು ಮಿದುಳಿನ ಬೇರೆಯೇ ಮೂಲೆಯಲ್ಲಿ ಕೂತಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದಕ್ಕೂ ಮನೆಯಲ್ಲಿ ಕಾಣುವುದಕ್ಕೂ ಅಜಗಜಾಂತರ. ಗುರುಶಾಂತನಿಗೆ ಕೆಂಪು ಚೀಟಿ ನೆನಪಿಲ್ಲ. ಟೋಕನ್ ಹಿಡಿದು ಬಂದದ್ದು ನೆನಪಿಲ್ಲ. ನಾನು ಜನರೆದುರು ತಪ್ಪು ಒಪ್ಪಿಕೊಂಡದ್ದು, ಅವನು ನನ್ನನ್ನು ಕ್ಷಮಿಸಿದ್ದು, ಎಲ್ಲವೂ ನಾಲ್ಕೈದು ತಿಂಗಳಲ್ಲಿ ಒರೆಸಿಹೋಯಿತು. ಅದಕ್ಕಿಂತ ಹಿಂದಿನ ಹತ್ತು ತಿಂಗಳು ಮಾತ್ರ ಉಳಿದಿದೆ. ನಾನು ಬೈದಾಗ ಅವನ ಮಿದುಳು ಇನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು, ತಪ್ಪಾಯಿತು ಎನ್ನುವ ಹೊತ್ತಿಗೆ ಅದಕ್ಕೆ ಆ ಶಕ್ತಿ ಉಳಿದಿರಲಿಲ್ಲ. ಎಷ್ಟೋ ಸಲ ಎದುರು ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದ್ದೇನೆ. ಕೇಳುತ್ತಾನೆ, "ಹೌದಾ?" ಎನ್ನುತ್ತಾನೆ, ನನ್ನ ಕಣ್ಣು ಒರೆಸುತ್ತಾನೆ. ಅರ್ಧ ಗಂಟೆಗೆ ಮತ್ತೆ ಮೊದಲಿನಂತೆ.

ನಿನ್ನೆ ಸಂಜೆ ಸಂತೆಯಿಂದ ಬಂದೆ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೋರಲಾಗಿ ಬಿದ್ದು ನೆಲವೆಲ್ಲ ಹಾಲು. ಅವನು ಒರೆಸಲು ಹೋಗಿ ಇನ್ನಷ್ಟು ಹರಡಿದ್ದ. ನನ್ನ ಚಪ್ಪಲಿಯ ಸದ್ದು ಕೇಳಿ ಎದ್ದವನು ಗೋಡೆಗೆ ಆತು ನಿಂತ.

"ಕುಡದಿಲ್ಲ ನೀಲಾ" ಎಂದ. "ನಿನ್ನಾಣೆ. ಬೇಕಾದ್ರ ಬಾಯಿ ಮೂಸಿ ನೋಡು."

"ಗೊತ್ತೈತಿ ನನಗ. ನೀ ಆವಾಗೂ ಕುಡದಿದ್ದಿಲ್ಲ. ತಪ್ಪು ನಂದು. ಬಾ, ಕುಂದರು."

ಅವನು ಕೂರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ ಕಾಯುತ್ತಾ ನಿಂತ. ನಾನು ಏನು ಹೇಳಿದರೂ ಬಾಯಿ ಮುಚ್ಚಲಿಲ್ಲ. ಕೊನೆಗೆ ಹತ್ತಿರ ಹೋಗಿ, ಅವನ ಹೆಗಲು ಹಿಡಿದು ಬಗ್ಗಿ ಮೂಸಿ ನೋಡಿದೆ. ಮಧ್ಯಾಹ್ನ ಉಂಡ ಮಜ್ಜಿಗೆಯ ವಾಸನೆ.

"ಇಲ್ಲ" ಎಂದೆ. "ಕುಡದಿಲ್ಲ."

ಬಾಯಿ ಮುಚ್ಚಿದ. ಉಸಿರು ಬಿಟ್ಟ. ಹಾಲಿನ ನೆಲದ ಮೇಲೆಯೇ ಕುಸಿದು ಕೂತು ನನ್ನ ಕೈ ಹಿಡಿದುಕೊಂಡ.

"ನೋಡಿದ್ಯಲ್ಲ?" ಎಂದ. "ಹಂಗಾದ್ರ ನಾಳೆ ಮತ್ತ ಕೇಳಬ್ಯಾಡ."

ಕೇಳಂಗಿಲ್ಲ ಎಂದೆ.